ಅಡ್ಜಸ್ಟ್ ಮಾಡ್ಕೊಳ್ಳಿ ಎನ್ನುವವರಿಗೆ

ಬೆಂಗಳೂರಿಗೆ ಹೊಸದಾಗಿ ಬಂದವರು ನೀರು ಬರುತ್ತಿಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಬಾಡಿಗೆ ಕಟ್ಟಿಯೇ ಸಂಬಳ ಮುಗಿಯಿತು ಎಂದು ಬಾಯಿಬಿಟ್ಟರೆ ಸಿಗುವ ಉತ್ತರ ಗೊತ್ತಿರುವಂಥದ್ದೇ. ದೊಡ್ಡ ಊರು ಅಂದಮೇಲೆ ಇದೆಲ್ಲ ಇದ್ದದ್ದೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಬಂದವರು ಅಷ್ಟಕ್ಕೇ ಸುಮ್ಮನಾಗದಿದ್ದರೆ ದನಿ ಗಡುಸಾಗುತ್ತದೆ: ಅಷ್ಟು ಕಷ್ಟ ಆಗೋದಾದ್ರೆ ನಿಮ್ಮೂರಿಗೆ ಹೋಗಿ, ಇಲ್ಲಿಗೆ ಬನ್ನಿ ಅಂತ ಕರೆದವರು ಯಾರು? ಕೊನೆಗೆ ಮನಸ್ಸಿನಲ್ಲಿದ್ದದ್ದು ಹೊರಬೀಳುತ್ತದೆ: ಈ ಊರು ಹಾಳಾಗಿದ್ದೇ ನಿಮ್ಮಂಥವರು ಬಂದು ಬಂದು ತುಂಬಿಕೊಂಡದ್ದರಿಂದ.

ಪಾರ್ಕಿನ ಬೆಂಚಿನಲ್ಲಿ, ಟಿವಿ ಚರ್ಚೆಯಲ್ಲಿ, ಕಚೇರಿಯ ಕಾಫಿ ಹೊತ್ತಿನಲ್ಲಿ ಇದೇ ಮಾತು. ಇಪ್ಪತ್ತು ವರ್ಷದ ಹಿಂದೆ ತಾವೇ ಹಾಸನದಿಂದಲೋ ಚಿತ್ರದುರ್ಗದಿಂದಲೋ ಬ್ಯಾಗು ಹಿಡಿದು ಬಂದವರು ನಿನ್ನೆ ಬಂದವರಿಗೆ ಇದನ್ನೇ ಹೇಳುತ್ತಾರೆ. ಎಲ್ಲರೂ ಒಪ್ಪಿಕೊಂಡಿರುವ ಈ ಮಾತು ಸುಳ್ಳು ಎಂದು ನಾನು ಹೇಳುತ್ತೇನೆ. ಸುಳ್ಳು ಮಾತ್ರವಲ್ಲ, ಇದು ತಪ್ಪು ಮಾಡಿದವರನ್ನು ಬಿಟ್ಟು ಪೆಟ್ಟು ತಿಂದವರ ಮೇಲೆ ಹೊಣೆ ಹೊರಿಸುವ ಮಾತು.

ಜನ ಬಂದದ್ದರಿಂದಲೇ ಊರು ಕೆಟ್ಟಿತು ಎನ್ನುವವರು ಜನಗಣತಿಯ ಅಂಕಿಗಳನ್ನು ಒಮ್ಮೆ ನೋಡಬೇಕು. 1941ರಲ್ಲಿ ಬೆಂಗಳೂರಿನಲ್ಲಿ ಇದ್ದವರು ನಾಲ್ಕು ಲಕ್ಷದಷ್ಟು ಜನ. 1951ರ ಹೊತ್ತಿಗೆ ಆ ಸಂಖ್ಯೆ 7.8 ಲಕ್ಷದ ಹತ್ತಿರ ಹೋಗಿತ್ತು. ಹತ್ತೇ ವರ್ಷದಲ್ಲಿ ಊರು ಹೆಚ್ಚುಕಡಿಮೆ ಇಮ್ಮಡಿಯಾಯಿತು. 1971ರಿಂದ 1981ರ ನಡುವೆ 16.5 ಲಕ್ಷದಿಂದ 29 ಲಕ್ಷಕ್ಕೆ ಏರಿತು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಬೆಳವಣಿಗೆ ಶೇ. 47. ಬೆಳೆಯುವ ವೇಗವನ್ನೇ ಅಳತೆಗೋಲು ಮಾಡಿಕೊಂಡರೆ ಊರು ಕುಸಿದು ಬೀಳಬೇಕಾಗಿದ್ದದ್ದು ನಲವತ್ತರ ದಶಕದಲ್ಲಿ. ಆದರೆ ಹಳೆಯ ಬೆಂಗಳೂರಿಗರು ಚಿನ್ನದಂಥ ಕಾಲ ಎಂದು ನೆನೆಯುವುದು ಅದರ ಬೆನ್ನಿಗೆ ಬಂದ ವರ್ಷಗಳನ್ನೇ.

ಆಗ ಏನು ನಡೆಯಿತು ಎಂದು ನೋಡಿದರೆ ಇಂದಿನ ಸಂಕಟದ ಬೇರು ಕಾಣುತ್ತದೆ. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದವು. ಈ ಕಾರ್ಖಾನೆಗಳು ದೂರದೂರಿನಿಂದ ಸಾವಿರಾರು ಜನರನ್ನು ಕರೆತಂದವು, ಕರೆತಂದವರಿಗೆ ಇರಲು ಜಾಗವನ್ನೂ ಮಾಡಿಕೊಟ್ಟವು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಬಯಲು, ಶಿಫ್ಟಿನ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುವ ಕಾರ್ಖಾನೆ ಬಸ್ಸು. ಐಟಿಐ ಕಾಲೊನಿ, ಬಿಇಎಲ್ ಕಾಲೊನಿ, ಎಚ್‌ಎಂಟಿ ಕಾಲೊನಿ ಹುಟ್ಟಿದ್ದು ಹಾಗೆ. ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು 1945ರಲ್ಲಿ ಹುಟ್ಟಿತು, ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಅದಕ್ಕೂ ಐವತ್ತು ವರ್ಷ ಹಿಂದೆ, 1898ರಲ್ಲಿ ಪ್ಲೇಗು ಬಡಿದು ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸಾಯತೊಡಗಿದಾಗ, ಊರು ಬಿಟ್ಟು ಹೋಗಿ ಎಂದು ಕೈತೊಳೆದುಕೊಳ್ಳಲಿಲ್ಲ. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಪೌರಕಾರ್ಮಿಕರ ಓಡಾಟಕ್ಕೆ ಓಣಿ ಇಟ್ಟು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದರು. ಇಂದು ನಾವು ಹೊಸಬರ ಕಾಲ್ತುಳಿತದಿಂದ ಕಾಪಾಡಬೇಕು ಎನ್ನುವ ಬಡಾವಣೆಗಳು ಅಂದಿನ ಜನಸಂದಣಿಗೆ ಕೊಟ್ಟ ಉತ್ತರವಾಗಿದ್ದವು.

ಮುಂದೆ ಆ ಕಟ್ಟುವ ಕೆಲಸ ನಿಂತಿತು, ಕರೆಯುವ ಕೆಲಸ ನಿಲ್ಲಲಿಲ್ಲ. ಸಾಫ್ಟ್‌ವೇರ್ ಕಂಪನಿಗಳಿಗೆ, ಗಾರ್ಮೆಂಟ್ಸ್‌ಗಳಿಗೆ, ಬಿಲ್ಡರ್‌ಗಳಿಗೆ ಜನ ಬೇಕಾಯಿತು. ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಬೆಳಗ್ಗೆ ಯಾವ ನೀರಲ್ಲಿ ಮುಖ ತೊಳೆಯುತ್ತಾರೆ ಎನ್ನುವುದು ಯಾರ ತಲೆನೋವೂ ಆಗಲಿಲ್ಲ. ಅರ್ಕಾವತಿ ಬಡಾವಣೆಯ ಯೋಜನೆ 2003ರಲ್ಲಿ ಹೊರಟಿತು, ಎರಡು ದಶಕ ಕೋರ್ಟು ಕಚೇರಿಗಳಲ್ಲೇ ಕಳೆಯಿತು. ಎಲೆಕ್ಟ್ರಾನಿಕ್ ಸಿಟಿಯ ಕನಸು ಶುರುವಾದದ್ದು 1978ರಲ್ಲಿ, ಆ ಕಡೆಗೆ ಮೆಟ್ರೊ ಹೋದದ್ದು 2025ರ ಆಗಸ್ಟಿನಲ್ಲಿ. ವೈಟ್‌ಫೀಲ್ಡಿನ ಟೆಕ್ ಪಾರ್ಕು ತೊಂಬತ್ತರ ದಶಕದ್ದು, ಅಲ್ಲಿಗೆ ಮೆಟ್ರೊ ಬಂದದ್ದು 2023ರಲ್ಲಿ. ನಡುವಿನ ಅಷ್ಟೂ ವರ್ಷ ಅಲ್ಲಿ ದುಡಿದವರು ಸಿಲ್ಕ್ ಬೋರ್ಡಿನಲ್ಲಿ, ಟಿನ್ ಫ್ಯಾಕ್ಟರಿಯಲ್ಲಿ ನಿಂತು ಜೀವನದ ಎಷ್ಟು ಗಂಟೆಗಳನ್ನು ಕಳೆದರು ಎಂಬುದಕ್ಕೆ ಲೆಕ್ಕ ಇಟ್ಟವರಿಲ್ಲ.

ಇಕ್ಕಟ್ಟು ಎನ್ನುವುದೂ ಅರ್ಧ ಸತ್ಯ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ, ವಿಸ್ತೀರ್ಣ 700 ಚದರ ಕಿಲೋಮೀಟರ್‌ಗಿಂತ ಜಾಸ್ತಿ. ಅಂದರೆ ಚದರ ಕಿಲೋಮೀಟರಿಗೆ ಸುಮಾರು 12 ಸಾವಿರ ಜನ. ಇಡೀ ಜಗತ್ತು ಹೊಗಳುವ ಪ್ಯಾರಿಸ್ ನಗರದಲ್ಲಿ ಅದು 20 ಸಾವಿರದ ಆಸುಪಾಸು. ಆ ಜನಗಣತಿಯ ನಂತರ ಬೆಂಗಳೂರಿಗೆ ಬಂದವರನ್ನೆಲ್ಲ ಕೂಡಿಸಿಕೊಂಡರೂ ಜನ ಒತ್ತಾಗಿ ಬದುಕುವ ಊರು ನಮ್ಮದೊಂದೇ ಅಲ್ಲ. ಟೋಕಿಯೊ ಮತ್ತು ಅದರ ಸುತ್ತಲಿನ ನಗರಗಳಲ್ಲಿ ಮೂರೂವರೆ ಕೋಟಿಗಿಂತ ಹೆಚ್ಚು ಜನ ಇದ್ದಾರೆ. ಅಲ್ಲಿ ಬಂದವರನ್ನು ರೈಲು ಹೊರುತ್ತದೆ.

ನಮ್ಮಲ್ಲಿ ಯಾವುದು ಹೊರುತ್ತದೆ? ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಬಿಎಂಟಿಸಿ ಬಸ್ಸುಗಳು ಹತ್ತು ವರ್ಷದ ಹಿಂದೆ ಹೆಚ್ಚುಕಡಿಮೆ ಎಷ್ಟಿದ್ದವೋ ಈಗಲೂ ಆರೂವರೆ ಏಳು ಸಾವಿರದ ಆಸುಪಾಸಿನಲ್ಲೇ ಇವೆ. ಔಟರ್ ರಿಂಗ್ ರೋಡಿನಲ್ಲಿ 2019ರ ಕೊನೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟರು, ಆಮೇಲೆ ಅದನ್ನೂ ಉಳಿಸಿಕೊಳ್ಳಲಿಲ್ಲ. ಉಪನಗರ ರೈಲಿನ ಬೇಡಿಕೆ ಎಂಬತ್ತರ ದಶಕದಿಂದಲೂ ಇದೆ. 2020ರಲ್ಲಿ 148 ಕಿಲೋಮೀಟರಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು, 2022ರ ಜೂನಿನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಗಡುವು ಕಳೆಯಿತು, ಒಂದೂ ರೈಲು ಓಡಲಿಲ್ಲ. ಅದೇ ಹೊತ್ತಿಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿ ಕಾರು ಓಡಿಸಲು ಹದಿನೇಳು ಸಾವಿರ ಕೋಟಿ ರೂಪಾಯಿಯ ಆಸುಪಾಸಿನ ಸುರಂಗ ರಸ್ತೆಯ ಯೋಜನೆ ಮುಂದೆ ಬಂತು. ಪೀಣ್ಯದ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಆ ಸುರಂಗದಿಂದ ಏನೂ ಸಿಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಮೆಟ್ರೊ ಬಿಟ್ಟು ಮತ್ತೆ ಬಸ್‌ಸ್ಟಾಪಿನಲ್ಲಿ ನಿಂತವರು ಅಂಥವರೇ. ಅವಳು ಬಂದದ್ದರಿಂದ ಟ್ರಾಫಿಕ್ ಜಾಮ್ ಆಗಲಿಲ್ಲ. ಬಸ್ಸಿನಲ್ಲಿ ಒಂದು ಕಾಲು ಊರುವಷ್ಟು ಜಾಗ ಬೇಡಿದವಳು ಅವಳು.

ನೀರಿನ ಕತೆ ಇನ್ನೂ ಸ್ಪಷ್ಟ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. ಆ ಹಳ್ಳಿಗಳ ನೆಲ ಅಂದಿನಿಂದಲೇ ನಗರದ ನೆಲವಾಯಿತು, ನಿವೇಶನದ ಬೆಲೆ ನಗರದ ಬೆಲೆಯಾಯಿತು. ಆ ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ಅಲ್ಲಿನ ಜನ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿ ಬದುಕಿದರು. 2024ರ ಬೇಸಿಗೆಯಲ್ಲಿ ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದವು, ಟ್ಯಾಂಕರ್ ದರ ದುಪ್ಪಟ್ಟಾಯಿತು, ಜಿಲ್ಲಾಡಳಿತ ನಡುವೆ ಬಂದು ಬೆಲೆ ಗೊತ್ತುಮಾಡಬೇಕಾಯಿತು. ಆ ಬೇಸಿಗೆಯಲ್ಲಿ ಬಂದ ಬೈಗುಳ ನೆನಪಿದೆ: ಹೊರಗಿನವರು ಬಂದು ನಮ್ಮ ನೀರು ಕುಡಿದರು ಎಂದು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಕಾವೇರಿ ನೀರು ಎತ್ತಿ ತರುವ ಊರಿನಲ್ಲಿ ಯಾರ ನೀರೂ ಸ್ವಂತದ್ದಲ್ಲ. ಸ್ವಂತವಾಗಿದ್ದ ಕೆರೆಗಳನ್ನು ಕಳೆದುಕೊಂಡದ್ದು ಬಹಳ ಹಿಂದೆ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನ. ಕೊಪ್ಪಳದಿಂದ ಗಾರೆ ಕೆಲಸಕ್ಕೆ ಬಂದವನು ಇವುಗಳಲ್ಲಿ ಒಂದನ್ನೂ ಮುಚ್ಚಿಲ್ಲ. ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಅಧಿಕಾರ ಅವನಿಗೆ ಯಾವತ್ತೂ ಇರಲಿಲ್ಲ.

ಇನ್ನು ಬಾಡಿಗೆ ಮನೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೊಸಬರ ಬೇಗುದಿಯೆಲ್ಲ ಇಲ್ಲೇ ಶುರು, ಊರಿನ ದೊಡ್ಡ ಮೌನವೂ ಇದರ ಬಗ್ಗೆಯೇ.

ಸಿಂಧನೂರಿನಿಂದ ಬಂದ ಹುಡುಗನೊಬ್ಬನಿಗೆ ತಿಂಗಳಿಗೆ ಇಪ್ಪತ್ತು ಸಾವಿರದ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಲಗ್ಗೆರೆಯಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಒಂದು ರೂಮು, ಒಂದು ಅಡುಗೆಮನೆಗೆ ಒಂಬತ್ತು ಸಾವಿರ. ಹತ್ತು ತಿಂಗಳ ಅಡ್ವಾನ್ಸ್ ಎಂದರೆ ತೊಂಬತ್ತು ಸಾವಿರ. ಮೊದಲ ಸಂಬಳ ಕೈಗೆ ಬರುವ ಮೊದಲೇ ಆ ದುಡ್ಡು ಹುಟ್ಟಬೇಕು. ಊರಲ್ಲಿ ಅಪ್ಪ ಬಡ್ಡಿಗೆ ತರುತ್ತಾನೆ, ಇಲ್ಲವೆ ಅವ್ವನ ಕಿವಿಯೋಲೆ ಸೊಸೈಟಿಯಲ್ಲಿ ಅಡವು ಬೀಳುತ್ತದೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಬೇರೆ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಎಲ್ಲರೂ ಒಪ್ಪಿಕೊಂಡ ಪದ್ಧತಿ. ಉಳಿದದ್ದು ಯಾವಾಗ ಕೈಸೇರುತ್ತದೆ ಎನ್ನುವುದು ಓನರ್ ಮರ್ಜಿ. ಆ ತೊಂಬತ್ತು ಸಾವಿರಕ್ಕೆ ಬಡ್ಡಿ ಕಟ್ಟುವವನು ಸಿಂಧನೂರಿನ ರೈತ, ಅದನ್ನು ಬಡ್ಡಿಯಿಲ್ಲದೆ ಇಟ್ಟುಕೊಂಡು ಮೇಲಂತಸ್ತು ಕಟ್ಟುವವನು ಬೆಂಗಳೂರಿನ ಮಾಲೀಕ. ಹೊಸಬರು ಈ ಊರನ್ನು ಹೀರುತ್ತಿದ್ದಾರೆ ಎನ್ನುವವರು ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ಒಮ್ಮೆ ನೋಡಲಿ.

ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎಂದಿದೆ. ಅದನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಬಿಟ್ಟದ್ದು. ನಮ್ಮ ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳನ್ನು ದೊಡ್ಡ ನಗರಗಳಲ್ಲಿ ಅದು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. 3,500ಕ್ಕೆ ಈಗ ಬೆಂಗಳೂರಿನಲ್ಲಿ ಶೀಟಿನ ಮನೆಯೂ ಸಿಗುವುದು ಕಷ್ಟ. ಹಾಗಾಗಿ ಬಾಡಿಗೆದಾರರಲ್ಲಿ ಹೆಚ್ಚಿನವರಿಗೆ ಆ ಕಾನೂನಿನ ಆಸರೆಯೇ ಇಲ್ಲ.

ದುಡ್ಡು ಹೊಂದಿಸಿದರೂ ಮನೆ ಸಿಗುತ್ತದೆಂದಿಲ್ಲ. ಬಾಗಿಲಲ್ಲಿ ನಿಂತವರನ್ನು ಮೊದಲು ಕೇಳುವುದು ನೀವು ಯಾವ ಪೈಕಿ ಎಂದು. ಮಾಂಸ ಬೇಯಿಸುತ್ತೀರಾ, ಮದುವೆ ಆಗಿದೆಯಾ, ಎಷ್ಟು ಜನ ನೆಂಟರು ಬರುತ್ತಾರೆ. ದಲಿತರಾದರೆ, ಮುಸ್ಲಿಮರಾದರೆ, ಒಂಟಿ ಹೆಣ್ಣಾದರೆ ನಿನ್ನೆಯವರೆಗೆ ಖಾಲಿಯಿದ್ದ ಮನೆ ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಟ್ಟಾಗಿರುತ್ತದೆ. ಈ ಅವಮಾನವನ್ನೂ ಅಡ್ಜಸ್ಟ್ ಮಾಡಿಕೊಳ್ಳಬೇಕೇ? ಜಾತಿ ಕೇಳಿ ಬಾಗಿಲು ಹಾಕುವುದಕ್ಕೂ ಜನಸಂದಣಿಗೂ ಏನು ಸಂಬಂಧ? ನಗರ ದೊಡ್ಡದಾದದ್ದರಿಂದ ಹುಟ್ಟಿದ ಕಷ್ಟ ಇದಲ್ಲ. ಹಳ್ಳಿಯ ಕೇರಿ ಬಿಟ್ಟು ಓಡಿ ಬಂದವರನ್ನು ಇಲ್ಲಿ ಮತ್ತೆ ಕೇರಿಗೆ ತಳ್ಳುವುದು ಇದು.

ಪಿಜಿಗಳ ವಿಚಾರ ಹೆಚ್ಚು ಬೇಡ. ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ನಾಲ್ಕು ಮಂಚ ಹಾಕಿ ಮಂಚಕ್ಕಿಷ್ಟು ಎಂದು ವಸೂಲಿ ಮಾಡುವುದನ್ನು ಕಂಡೂ ಸುಮ್ಮನಿರುವ ನಗರಾಡಳಿತ, ಹೊಸಬರ ಬಗ್ಗೆ ತನಗೆ ಏನನ್ನಿಸುತ್ತದೆ ಎಂಬುದನ್ನು ಹೇಳಿಯಾಗಿದೆ.

ಊರಿಗೆ ಹೋಗಿ ಎನ್ನುವ ಮಾತಿಗೆ ಬರೋಣ. ಯಾವ ಊರಿಗೆ? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೆಸರು ಹಿಡಿದು ಹೇಳಿತು. ಆ 39ರಲ್ಲಿ ಹೆಚ್ಚಿನವು ಉತ್ತರ ಕರ್ನಾಟಕದವು. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಬೆಂಗಳೂರು ನಗರ ಜಿಲ್ಲೆಯೊಂದೇ ಕೊಡುತ್ತದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಉಳಿದ ಜಿಲ್ಲೆಗಳಲ್ಲಿ ಆ ಕೆಲಸ, ಆ ಕಾರ್ಖಾನೆ, ಆ ಕಾಲೇಜು ಇಲ್ಲ ಎಂಬುದು ಅದೇ ಹೆಮ್ಮೆಯ ಇನ್ನೊಂದು ಮುಖ. ಸರ್ಕಾರಗಳು ಎಲ್ಲವನ್ನೂ ಒಂದೇ ಊರಿನಲ್ಲಿ ಸುರಿದವು. ಯಾದಗಿರಿ, ರಾಯಚೂರಿನ ಜನ ಗುಳೆ ಎದ್ದು ಅಲ್ಲಿಗೇ ಬಂದರು. ಇಲ್ಲಿಗೆ ಬನ್ನಿ ಅಂತ ಕರೆದವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕರೆದದ್ದು ನಮ್ಮ ಬಜೆಟ್ಟುಗಳು.

ಅವರು ನಿಜವಾಗಿಯೂ ಹೊರಟು ನಿಂತಾಗ ಏನಾಯಿತು ಎನ್ನುವುದನ್ನೂ ಮರೆಯಬಾರದು. 2020ರ ಮೇ ತಿಂಗಳು. ಲಾಕ್‌ಡೌನಿನಲ್ಲಿ ಕೆಲಸ, ಕೂಲಿ ಎರಡೂ ಹೋಗಿ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಕಟ್ಟಡ ಕಾರ್ಮಿಕರು ಊರಿಗೆ ಕಳಿಸಿ ಎಂದು ಅಂಗಲಾಚುತ್ತಿದ್ದರು. ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜತೆ ಸಭೆ ನಡೆಸಿದರು. ಅದರ ಬೆನ್ನಿಗೇ ಶ್ರಮಿಕ ರೈಲುಗಳು ಇನ್ನು ಬೇಡ ಎಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ದೇಶದ ತುಂಬ ಸಿಟ್ಟು ಎದ್ದ ಮೇಲೆ ಆ ನಿರ್ಧಾರ ಹಿಂದಕ್ಕೆ ಹೋಯಿತು. ಉಳಿದ ದಿನಗಳಲ್ಲಿ ಹೊರಟುಹೋಗಿ ಎನ್ನುವ ಊರು, ಹೊರಟವರನ್ನು ಅಂದು ತಡೆಯಲು ನೋಡಿತು. ಬೇಕಾದಾಗ ಅವರ ಕೈ ಬೇಕು, ಆ ಕೈಯ ಹಿಂದಿರುವ ಹೊಟ್ಟೆ, ಮೈ, ಮಕ್ಕಳು ಬೇಡ. ಇದಕ್ಕಿಂತ ನಿಷ್ಕರುಣೆಯ ನಿಲುವನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವವನು ನಾನಲ್ಲ. ವರ್ಷಾನುಗಟ್ಟಲೆ ಇದ್ದೂ ಒಂದು ಮಾತು ಕನ್ನಡ ಕಲಿಯದೆ, ಕನ್ನಡದಲ್ಲಿ ಮಾತಾಡಿದ ಆಟೊದವರನ್ನು ಕೀಳಾಗಿ ಕಾಣುವ ದೊಡ್ಡ ಸಂಬಳದ ಜನ ಇದ್ದಾರೆ. ಅವರ ಮೇಲಿನ ಸಿಟ್ಟು ನ್ಯಾಯವಾದದ್ದು, ಅದನ್ನು ನೇರವಾಗಿ ಅವರಿಗೇ ಹೇಳಬೇಕು. ಆದರೆ ಆ ಸಿಟ್ಟನ್ನು ಹಿಡಿದುಕೊಂಡು ಎಲ್ಲ ಹೊಸಬರನ್ನೂ ಒಂದೇ ಗೂಟಕ್ಕೆ ಕಟ್ಟಿದರೆ ಮೊದಲು ಪೆಟ್ಟು ಬೀಳುವುದು ನಮ್ಮವರಿಗೇ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬಂದಿಳಿದ ಕೊಪ್ಪಳದ ಹುಡುಗಿಯ ಕನ್ನಡವನ್ನು ಈ ಊರಿನ ಕಚೇರಿಗಳಲ್ಲಿ ಅಣಕಿಸುತ್ತಾರೆ. ಅವಳು ಎರಡೇ ವಾರದಲ್ಲಿ ಮನೆಮಾತನ್ನು ನುಂಗಿಕೊಂಡು ಮಾತಾಡಲು ಕಲಿಯುತ್ತಾಳೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಕನ್ನಡದ ರಾಜಧಾನಿಯಲ್ಲಿ ಕನ್ನಡತಿಯೊಬ್ಬಳು ತನ್ನ ಕನ್ನಡಕ್ಕೆ ನಾಚಿಕೊಳ್ಳುವಂತೆ ಮಾಡಿದವರು ಯಾವ ಹೊರಗಿನವರೂ ಅಲ್ಲ, ನಾವೇ.

ಸಹಿಸಿಕೊಳ್ಳುವುದು ದೊಡ್ಡ ಗುಣ ಎಂದು ಬೋಧಿಸುವವರು 2016ರ ಏಪ್ರಿಲನ್ನು ನೆನೆಯಬೇಕು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ಮಾಡಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಅವರಲ್ಲಿ ಬಹುಪಾಲು ಹಳ್ಳಿಗಳಿಂದ ಬಂದವರು, ಸಾವಿರಗಟ್ಟಲೆ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡು ದಿನಕ್ಕೆ ಕೇಂದ್ರ ಸರ್ಕಾರ ನಿಯಮ ಕೈಬಿಟ್ಟಿತು. ಅದರ ಲಾಭ ಸಿಕ್ಕಿದ್ದು ದೇಶದ ಅಷ್ಟೂ ಪಿಎಫ್ ಖಾತೆದಾರರಿಗೆ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಅವರನ್ನು ಬೈದವರಿಗೂ ಸೇರಿ. ಅವತ್ತು ಆ ಹೆಣ್ಣುಮಕ್ಕಳು ಅಡ್ಜಸ್ಟ್ ಮಾಡಿಕೊಂಡಿದ್ದರೆ ಇವತ್ತು ನಮ್ಮ ದುಡ್ಡೂ ಅಲ್ಲೇ ಕೂತಿರುತ್ತಿತ್ತು. ಹಳಬರಿಗೆ ರೂಢಿಯಾಗಿ ಕಾಣದೇ ಹೋದ ಕೊರತೆ ಹೊಸಬರ ಕಣ್ಣಿಗೆ ಮೊದಲು ಬೀಳುತ್ತದೆ. ಫುಟ್‌ಪಾತು ಎಲ್ಲಿ ಎಂದು ಕೇಳುವವನು ಹೊಸಬ. ಹಳಬ ಅದಿಲ್ಲದೆ ನಡೆಯುವುದನ್ನು ಕಲಿತುಬಿಟ್ಟಿದ್ದಾನೆ.

ಇಷ್ಟಾದರೂ ಹೊಸಬರ ದೂರು ಯಾರ ಕಿವಿಗೂ ಬೀಳುವುದಿಲ್ಲ, ಅದಕ್ಕೆ ಕಾರಣ ವ್ಯವಸ್ಥೆಯೊಳಗೇ ಇದೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಈ ಊರಿಗೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದವು, ಅವೂ ಅಧಿಕಾರಿಗಳ ಕೈಯಲ್ಲೇ ಶುರುವಾದವು. ಇದು ಎಲ್ಲರಿಗೂ ಆದ ಅನ್ಯಾಯ. ಹೊಸಬರಿಗೆ ಮಾತ್ರ ಇನ್ನೂ ಒಂದು ಇದೆ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ಕೊಡುವ ಫಾರಂ 8ರಲ್ಲಿ ಹೆಸರಿಸಿರುವ ವಿಳಾಸ ದಾಖಲೆಗಳಲ್ಲಿ ಬಾಡಿಗೆದಾರರಿಗೆಂದೇ ಇರುವುದು ನೋಂದಾಯಿತ ಕರಾರು ಪತ್ರ. ಬೆಂಗಳೂರಿನಲ್ಲಿ ಬರೆಯುವ ಕರಾರುಗಳಲ್ಲಿ ಹೆಚ್ಚಿನವು ಹನ್ನೊಂದು ತಿಂಗಳಿನವು, ನೋಂದಣಿ ಮಾಡಿಸುವ ಕಟ್ಟುಪಾಡಿನಿಂದ ತಪ್ಪಿಸಿಕೊಳ್ಳಲೆಂದೇ ಹಾಗೆ ಬರೆಯುವುದು. ಕರೆಂಟು ಬಿಲ್ಲು, ನೀರಿನ ಬಿಲ್ಲು ಓನರ್ ಹೆಸರಿನಲ್ಲಿರುತ್ತವೆ. ಹೀಗೆ ಹತ್ತು ವರ್ಷದಿಂದ ಇಲ್ಲೇ ದುಡಿದು, ಇಲ್ಲೇ ತೆರಿಗೆ ಕೊಟ್ಟು, ಇಲ್ಲೇ ಮಕ್ಕಳನ್ನು ಶಾಲೆಗೆ ಹಾಕಿದವರ ಓಟು ಇಂದಿಗೂ ಕುಷ್ಟಗಿಯಲ್ಲೋ ಸುರಪುರದಲ್ಲೋ ಇದೆ. ಅವರ ಬಸ್‌ಸ್ಟಾಪಿಗೆ ಸೂರು ಹಾಕಿಸದಿದ್ದರೆ ಯಾರೂ ಸೋಲುವುದಿಲ್ಲ.

ಆದ್ದರಿಂದ ನಿನ್ನೆ ಬಂದಿಳಿದ ತಮ್ಮ, ತಂಗಿಯರಿಗೆ ಹೇಳುವುದಿಷ್ಟು. ಅಡ್ವಾನ್ಸ್ ಕೊಡುವಾಗ ಬ್ಯಾಂಕಿನ ಮೂಲಕವೇ ಕೊಡಿ, ಕರಾರು ಪತ್ರ ಕೇಳಿ ಪಡೆಯಿರಿ. ಫಾರಂ 8 ತುಂಬಿ ಓಟನ್ನು ಇಲ್ಲಿಗೆ ತನ್ನಿ. ವಿಳಾಸಕ್ಕೆ ಆ ದಾಖಲೆಗಳಲ್ಲಿ ಯಾವುದೂ ಇಲ್ಲದಿದ್ದರೆ ಅಧಿಕಾರಿ ಮನೆಗೇ ಬಂದು ನೋಡಿ ಖಚಿತ ಮಾಡಿಕೊಳ್ಳಬೇಕೆಂದು ನಿಯಮವಿದೆ, ಅದನ್ನು ಎದುರಿಗಿಟ್ಟು ಕೇಳಿ. ಪಾಲಿಕೆಯ ಓಟಿಗೆ ಮನೆ ಬಾಗಿಲಿಗೆ ಬಂದವರನ್ನು ಎರಡು ತಿಂಗಳ ಅಡ್ವಾನ್ಸಿನ ಕಾನೂನು ಯಾವಾಗ ಬರುತ್ತದೆ, ನಮ್ಮ ಬೀದಿಗೆ ಬಸ್ಸು ಎಷ್ಟು ನಿಮಿಷಕ್ಕೊಂದು, ಕಾವೇರಿ ಪೈಪು ನಮ್ಮ ವಠಾರದವರೆಗೆ ಏಕೆ ಬಂದಿಲ್ಲ ಎಂದು ಕೇಳಿ. ಅಡ್ಜಸ್ಟ್ ಮಾಡ್ಕೊಳ್ಳಿ ಎಂದು ಅವರು ಹೇಳಿದರೆ, ಓಟು ಎಣಿಸುವ ದಿನ ನಿಮ್ಮ ಉತ್ತರ ಅವರಿಗೆ ಸಿಗಲಿ.